ತಂತಿಗೆ ಚುಚ್ಚಿದ ಲಕೋಟೆಗಳು

ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ ನಾನು. ಆದರೂ ಎಪ್ಪತ್ತರ ದಶಕದಲ್ಲಿ, ಇಳಕಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಎರಡನೇ ಮಹಾಯುದ್ಧದ ಕಾಲದ ಹಡಗುಗಳಿಂದ ಬಂದ ಲಕೋಟೆಗಳನ್ನು ಕೂಡಿಡುವ ಹುಚ್ಚು ಹಿಡಿದಿತ್ತು. ನೌಕಾಪಡೆಯ ಸೆನ್ಸಾರ್ ಮುದ್ರೆಯಿದ್ದ ಲಕೋಟೆ ಸಿಗುತ್ತದೆಂದರೆ ಸಾಕು, ಬಾದಾಮಿ, ಹುನಗುಂದ ಎನ್ನದೆ ಬಸ್ಸು ಹತ್ತುತ್ತಿದ್ದೆ. ಆ ದಿನಗಳನ್ನು ನೆನೆದರೆ ಹಳೇ ಕಾಗದದ ವಾಸನೆ ಈಗಲೂ ಮೂಗಿಗೆ ಬರುತ್ತದೆ.

ನಿಧಿ ನಮ್ಮ ಓಣಿಯಲ್ಲೇ ಇದ್ದದ್ದು ತಡವಾಗಿ ತಿಳಿಯಿತು. ನೇಕಾರರಿಗೆ ಕಂಡಿಕೆಗೆ ನೂಲು ಸುತ್ತಿಕೊಡುವ ಮುದುಕಿಯೊಬ್ಬರ ಗೋಡೆಯ ಮೇಲೆ, ಆಗ ಎಲ್ಲರ ಮನೆಯಲ್ಲಿದ್ದಂತೆ, ಬಂದ ಪತ್ರಗಳನ್ನು ಚುಚ್ಚಿಡುವ ತಂತಿ ನೇತಾಡುತ್ತಿತ್ತು. ಅದರಲ್ಲಿ ಹನ್ನೊಂದು ಲಕೋಟೆ. ಚೊಳಚಗುಡ್ಡದ ತವರಿನಿಂದ ದುಡಿಯಲು ಮುಂಬಯಿಗೆ ಹೋಗಿ ನೌಕಾಪಡೆ ಸೇರಿದ ಅವರ ತಮ್ಮ, ಯುದ್ಧದ ಹೊತ್ತಿನಲ್ಲಿ ಹಡಗಿನಿಂದ ಬರೆದವು. ಅವನು ಮರಳಲಿಲ್ಲ. ಸಾವಿನ ಸುದ್ದಿಯ ಪತ್ರವನ್ನು ಮಾತ್ರ ರೂಢಿಯಂತೆ ಓದಿಸಿದ ಕೂಡಲೇ ಹರಿದು ಹಾಕಿದ್ದರು.

ತೂತು ಬಿದ್ದು ಲಕೋಟೆಗಳ ಬೆಲೆ ಕೆಟ್ಟಿತ್ತು. ಆದರೂ ಬಿಡಲಿಲ್ಲ. ಪತ್ರಗಳು ನಿಮಗೇ ಇರಲಿ, ಖಾಲಿ ಲಕೋಟೆ ಸಾಕು ಎಂದು ದೊಡ್ಡ ಧಾರಾಳಿಯಂತೆ ಕೇಳಿದೆ. ಶಾಲೆಯ ಅಕ್ಕೋರು ಕೇಳಿದ್ದಕ್ಕೆ ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ; ಹನ್ನೊಂದೂ ನನ್ನ ಆಲ್ಬಮ್ ಸೇರಿದವು. ಮುದ್ರೆ ಸ್ವಚ್ಛವಾಗಿ ಮೂಡಿದ್ದ ಒಂದನ್ನು ನಾನು ಮುಂಬಯಿಯ ಸಂಗ್ರಾಹಕರೊಬ್ಬರಿಗೆ ಕಳಿಸಿ, ಬದಲಿಗೆ ಹಡಗಿನ ಚಿತ್ರವಿದ್ದ ಲಕೋಟೆ ತರಿಸಿಕೊಂಡೆ.

ನಾಗರಪಂಚಮಿಯ ದಿನ ಹಬ್ಬದ ಸಿಹಿ ಉಂಡಿ ಕೊಡಲು ಬಂದ ಆ ಮುದುಕಿ ಬಾಗಿಲಲ್ಲೇ ನಿಂತರು. ಕೈಯಲ್ಲಿ ಪತ್ರಗಳ ಕಟ್ಟಿತ್ತು. ತವರಿನಿಂದ ಅಣ್ಣತಮ್ಮಂದಿರು ಕರೆಯಲು ಬರುವ ಹಬ್ಬವಲ್ಲವೇ; ಪ್ರತಿ ಪಂಚಮಿಗೂ ಅವರು ತಮ್ಮನ ಕೊನೆಯ ಪತ್ರವನ್ನು ಉಡಿಯಲ್ಲಿಟ್ಟುಕೊಂಡು ಕೂತಿರುತ್ತಿದ್ದರಂತೆ.

"ನನಗ ಓದಾಕ ಬರೂದಿಲ್ರಿ, ಅಕ್ಕೋರ. ಲಕೋಟಿ ಮ್ಯಾಲಿನ ಸಿಕ್ಕಾ ನೋಡಿ ಗುರ್ತ ಹಿಡೀತಿದ್ದೆ. ಈಗ ಎಲ್ಲಾ ಒಂದ ನಮೂನಿ ಕಾಣ್ತಾವ."

ಲಕೋಟೆ ಓದಬಲ್ಲವಳು ಈ ಊರಿಗೆ ನಾನೊಬ್ಬಳೇ ಎಂದು ಬೀಗುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆಲ್ಬಮ್ ತಂದು ಇಬ್ಬರೂ ನೆಲಕ್ಕೆ ಕೂತೆವು. ತಂತಿಯ ತೂತಿಗೆ ತೂತು, ತುಕ್ಕಿನ ಕಲೆಗೆ ಕಲೆ ಹೊಂದಿಸುತ್ತ ಒಂದೊಂದೇ ಪತ್ರವನ್ನು ಅದರದರ ಲಕೋಟೆಗೆ ಸೇರಿಸಿದೆವು. ಕೊನೆಗೆ ಒಂದು ಹಾಳೆ ಉಳಿಯಿತು. ಬರುವ ಪಂಚಮಿಗೆ ಕರೆಯಲು ಬರುತ್ತೇನೆ, ಅಕ್ಕ, ಎಂದು ಅದರಲ್ಲಿತ್ತು. ನಾನು ಮುಂಬಯಿಗೆ ಕಳಿಸಿದ್ದು ಅದರ ಲಕೋಟೆಯನ್ನೇ.

ಬರೆದು ತರಿಸಿಕೊಡುತ್ತೇನೆ ಎಂದು ತೊದಲಿದೆ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹಾಳೆಯನ್ನು ಮಡಿಚಿ ಉಡಿಗೆ ಸೇರಿಸಿಕೊಂಡರು.

"ಇರ್ಲಿ ಬಿಡ್ರಿ. ಲಕೋಟಿ ಇಲ್ಲದ್ದು ಇದೊಂದ ಆತಲ್ರಿ. ಇನ್ನ ಗುರ್ತ ಹತ್ತತೈತಿ."

ಎಷ್ಟು ಬರೆದರೂ ಮುಂಬಯಿಯಿಂದ ಉತ್ತರ ಬರಲಿಲ್ಲ. ನಾನು ಆ ಊರಲ್ಲಿ ಇರುವವರೆಗೂ ಪ್ರತಿ ಪಂಚಮಿಗೆ ಅವರ ಮನೆಯ ಉಂಡಿ ಮಾತ್ರ ತಪ್ಪದೆ ಬಂತು.