ಹೊಸ ಸೀಟ್ ಕವರ್ ಮತ್ತು ಅಕ್ಕನ ಸಮುದ್ರ

ನಮ್ಮಕ್ಕ ಸಮುದ್ರ ನೋಡಿ ಬಂದಳೆಂದು ಬರಗೂರಿನ ಅವಳ ಬೀದಿಯೆಲ್ಲ ನಂಬಿದೆ. ಅವಳು ನೋಡಿಲ್ಲ. ನೋಡದಂತೆ ಮಾಡಿದವನು ನಾನು.

ಪ್ರತಿ ವಾರ ಈ ಅಂಕಣ ಓದುವ ನಿಮಗೆ ನನ್ನ ಕಥೆ ಗೊತ್ತೇ ಇದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಮಧುಗಿರಿಯಲ್ಲಿ ಟೆಂಪೋ ಟ್ರಾವೆಲರ್ ಓಡಿಸುವವನು. ಕರಾವಳಿ ಟೂರು ನನಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದ ಹಾಗೆ. ಘಟ್ಟ ಇಳಿ, ಬೀಚು ತೋರಿಸು, ದ್ವೀಪದ ಬೋಟು ಹತ್ತಿಸು, ಮತ್ತೆ ಘಟ್ಟ ಹತ್ತು. ಸಮುದ್ರ ಅಂದರೆ ಪಾರ್ಕಿಂಗ್ ಸಿಗದ ಜಾಗ, ಅಷ್ಟೇ.

ಅಕ್ಕನಿಗೆ ಹಾಗಲ್ಲ. ಅವಳು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ಅಲ್ಲಿನ ಗೋಡೆಯ ಮೇಲೆ ಯಾರೋ ಪೇಂಟರ್ ಬರೆದ ಒಂದು ಸಮುದ್ರ. ನೀಲಿ ನೀರು, ಮೂರು ಮೀನು, ಬಿಳಿ ಹಾಯಿಯ ದೋಣಿ. ಅದನ್ನು ತೋರಿಸಿ ತೋರಿಸಿ ಎಷ್ಟು ಮಕ್ಕಳಿಗೆ ಊಟ ಮಾಡಿಸಿದಳೋ! ರಿಟೈರ್ ಆದ ದಿನ ನನ್ನನ್ನು ಕೇಳಿದ್ದು ಒಂದೇ.

"ನಿಜವಾದ್ದು ಒಂದ್ಸಲ ತೋರ್ಸ್ಲಾ."

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಇಲ್ಲವೆನ್ನಲು ಬಾಯಿ ಬರುತ್ತದೆಯೇ? ಹೋಗೋಣ ಎಂದೆ. ಮೂರು ವರ್ಷ ಹಾಗೇ ಎನ್ನುತ್ತಿದ್ದೆ.

ಹೋದ ತಿಂಗಳು ಕೊರಟಗೆರೆಯ ನನ್ನ ಬಾಮೈದನ ಮನೆಯವರು ನನ್ನ ಗಾಡಿಯಲ್ಲೇ ಕಾರವಾರಕ್ಕೆ ಹೊರಟರು. ಹಿಂದಿನ ಸೀಟು ಖಾಲಿ ಇತ್ತು. ಅಕ್ಕ ಹೊಸ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಂದಳು. ಕೂತವಳೇ ಸೀಟು ಸವರಿದಳು.

"ಮೆತ್ತಗೈತೆ ಕಣ್ಲಾ."

ನನ್ನ ಕಣ್ಣು ಕವರಿನ ಮೇಲೆ. ಆ ಸೀಟ್ ಕವರ್ ಹಾಕಿಸಿ ಎಂಟು ದಿನ ಆಗಿತ್ತು, ಅದೂ ಬಿಳಿ ಬಣ್ಣದ್ದು. (ಡ್ರೈವರ್ ಆದವನು ಬಿಳಿ ಕವರ್ ಹಾಕಿಸುತ್ತಾನೆಯೇ ಎಂದು ಕೇಳಬೇಡಿ. ಹಾಕಿಸಿದೆ.) ಅಕ್ಕನಿಗೆ ಬರಗೂರಿಂದ ಶಿರಾಕ್ಕೆ ಬಸ್ಸಲ್ಲಿ ಹೋದರೂ ವಾಂತಿ. ಇನ್ನು ಘಟ್ಟದ ತಿರುವು?

ವಾಂತಿ ಮಾತ್ರೆ ನಮ್ಮಂಥ ಡ್ರೈವರುಗಳ ಡ್ಯಾಶ್‌ಬೋರ್ಡಿನಲ್ಲಿ ಯಾವಾಗಲೂ ಇರುತ್ತದೆ. ಘಟ್ಟಕ್ಕೆ ಅರ್ಧ ಗಂಟೆ ಮುಂಚೆ ಒಂದು. ಎರಡಾದರೆ ನಿದ್ದೆ ಗ್ಯಾರಂಟಿ. ಸಾಗರ ಊರು ದಾಟಿದ ಮೇಲೆ ನಾನು ಅಕ್ಕನ ಕೈಗೆ ಎರಡು ಹಾಕಿದೆ.

"ಎರಡ್ಯಾಕ್ಲಾ?"

"ಒಂದು ವಾಂತಿಗೆ, ಇನ್ನೊಂದು ಗ್ಯಾಸಿಗೆ ಕಣಕ್ಕ."

ನುಂಗಿದಳು. ಹತ್ತು ತಿರುವು ಮುಗಿಯುವಷ್ಟರಲ್ಲಿ ಗಾಜಿಗೆ ತಲೆ ಆನಿಸಿ ನಿದ್ದೆ ಹೋದಳು. ನನಗೆ ನಿರಾಳ.

ಹೊನ್ನಾವರದಿಂದ ಕಾರವಾರದವರೆಗೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಆಗಾಗ ಕಡಲು. ಕಾರವಾರ ಹತ್ತಿರವಾದಾಗ ಸಂಜೆಯ ಬಿಸಿಲು ಇನ್ನೂ ಸ್ವಲ್ಪ ಇತ್ತು. ನೀರಿನ ನಡುವೆ ದ್ವೀಪಗಳು ಕಂಡವು. ಎಲ್ಲರೂ ಫೋನ್ ಎತ್ತಿದರು. ಆ ಗದ್ದಲಕ್ಕೆ ಅಕ್ಕ ಕಣ್ಣು ತೆರೆಯದೆಯೇ ಕೇಳಿದಳು.

"ಬಂತೇನ್ಲಾ?"

ಸಮುದ್ರ ಅವಳ ಕಿಟಕಿಯಾಚೆಯೇ ಇತ್ತು. ಎದ್ದರೆ ನಿಲ್ಲಿಸು ಅನ್ನುತ್ತಾಳೆ. ನಿಲ್ಲಿಸಿದರೆ ಎಲ್ಲರೂ ಇಳಿಯುತ್ತಾರೆ, ಲಾಡ್ಜ್ ತಲುಪುವುದು ಯಾವಾಗ? ಬೆಳಗಿನಿಂದ ಸ್ಟೀರಿಂಗ್ ಹಿಡಿದು ನನ್ನ ತೋಳು ಮರಗಟ್ಟಿತ್ತು.

"ಇನ್ನೂ ದೂರ ಐತೆ. ಮನಿಕ್ಕೋ ಅಕ್ಕ."

ನನ್ನ ಮಾತು ಕೇಳಿ ಮಲಗಿದಳು. ಚಿಕ್ಕವನಿದ್ದಾಗ ಅವಳ ಮಾತು ಕೇಳಿ ನಾನು ಮಲಗುತ್ತಿದ್ದೆನಲ್ಲ, ಹಾಗೆ. ಲಾಡ್ಜ್ ಸೇರುವಾಗ ಕತ್ತಲು.

ಮಾರನೇ ದಿನ ಮಧ್ಯಾಹ್ನ ಮತ್ತೆ ಘಟ್ಟ ಹತ್ತುವುದಿತ್ತು. ಬೆಳಿಗ್ಗೆ ಟೀ ಜೊತೆಗೇ ಮತ್ತೆರಡು ಮಾತ್ರೆ ಕೊಟ್ಟೆ. ಎಲ್ಲರೂ ಬೋಟು ಹತ್ತಿ ದ್ವೀಪಕ್ಕೆ ಹೋದರು. ಮೀನಿನ ಶೆಡ್ಡುಗಳ ಹಿಂದೆ ನಿಲ್ಲಿಸಿದ ಗಾಡಿಯಲ್ಲಿ ಅಕ್ಕ ಮಲಗಿದ್ದಳು. ಶೆಡ್ ದಾಟಿದರೆ ನೀರು. ಕೈ ಹಿಡಿದು ಕರೆದುಕೊಂಡು ಹೋಗಬಹುದಿತ್ತು. ನಾನು ಸ್ಟೀರಿಂಗಿಗೆ ತಲೆ ಇಟ್ಟು ಗೊರಕೆ ಹೊಡೆದೆ.

ಅವಳು ಸರಿಯಾಗಿ ಎಚ್ಚರವಾಗಿದ್ದು ಘಟ್ಟ ಹತ್ತಿ ಯಲ್ಲಾಪುರ ದಾಟಿದ ಮೇಲೆ.

"ಎಲ್ಲೋ ಸಮುದ್ರ?"

"ಹಿಂದೆ ಹೋಯ್ತಲ್ಲಕ್ಕ."

ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದಳು. ಆಮೇಲೆ ಮೆಲ್ಲಗೆ, "ಹೆಂಗಿತ್ತು?" ಎಂದಳು. ಮಧುಗಿರಿ ಬೆಟ್ಟವನ್ನು ತಂದು ನೀರಲ್ಲಿ ನಿಲ್ಲಿಸಿದ ಹಾಗೆ ದ್ವೀಪ ಇತ್ತು ಎಂದೆ. ಕನ್ನಡಿ ನೋಡಲು ಧೈರ್ಯವಾಗಲಿಲ್ಲ.

ನಾವು ಟೂರು ಮಾಡುವುದೇ ಹೀಗೆ, ಅಲ್ಲವೇ? ಎಷ್ಟು ಜಾಗ ಮುಗಿಸಿದೆವು ಎನ್ನುತ್ತೇವೆ. ಯಾರು ಏನು ನೋಡಿದರು ಎಂದು ಯಾರು ಕೇಳುತ್ತಾರೆ?

ಕಳೆದ ಭಾನುವಾರ ಬರಗೂರಿಗೆ ಹೋಗಿದ್ದೆ. ಅಕ್ಕನ ಜಗಲಿಯ ಮೇಲೆ ಪಕ್ಕದ ಮನೆಯ ಜಯಮ್ಮ ಕೂತಿದ್ದರು.

"ಹೆಂಗಿತ್ತು ಕಣಮ್ಮ ಸಮುದ್ರ? ಬರೀ ಓಗಿದ್ದೆ ಓಗಿದ್ದೆ ಅಂತೀಯ."

ಅಕ್ಕ ನನ್ನ ಮುಖ ನೋಡಿದಳು. ನಂತರ ಸಲೀಸಾಗಿ ಹೇಳಿದಳು. "ನೀಲಿಗೈತೆ. ದೊಡ್ಡ ದೊಡ್ಡ ಮೀನು. ಬಿಳೀ ಬಟ್ಟೆ ಕಟ್ಟಿದ ದೋಣಿ. ನಡುವೆ ನಮ್ ಮಧುಗಿರಿ ಬೆಟ್ಟ ನಿಂತಂಗೆ ಒಂದು ದ್ವೀಪ. ಅಲ್ವೇನ್ಲಾ?"

ಅರ್ಧ ಗೋಡೆಯದ್ದು. ಅರ್ಧ ನಾನು ಹೇಳಿದ್ದು.

"ಹೂಂ ಅಕ್ಕ," ಎಂದೆ.

ತಮ್ಮನ ಮರ್ಯಾದೆ ಉಳಿಸಲು ಸುಳ್ಳು ಹೇಳಿದಳು. ಹೊರಡುವಾಗ ಗಾಡಿಯ ತನಕ ಬಂದು, ಬಾಗಿಲು ಹಿಡಿದು ನಿಂತಳು.

"ಇನ್ನೊಂದ್ಸಲ ಓಗಾಣ ಕಣ್ಲಾ. ವಾಂತಿಗೆ ಪ್ಲಾಸ್ಟಿಕ್ ಚೀಲ ನಾನೇ ತತ್ತೀನಿ. ಆ ಗ್ಯಾಸಿನ ಮಾತ್ರೆ ಮಾತ್ರ ಬ್ಯಾಡ."

ಸೀಟ್ ಕವರಿನ ಮೇಲೆ ಇವತ್ತಿಗೂ ಒಂದೇ ಒಂದು ಕಲೆ ಇಲ್ಲ.