ದ್ರಾಕ್ಷಿ ತೋಟದ ಎಲೆಅಡಿಕೆ

ಗುಬ್ಬಿಯಿಂದ ಕುಣಿಗಲ್ ಕಡೆಗೆ ಸೈಕಲ್ ತುಳಿಯುತ್ತಿದ್ದೆ. ವೈನಿಗೆಂದೇ ದ್ರಾಕ್ಷಿ ಬೆಳೆಯುವ ತೋಟ ನೋಡುವ ಹುಚ್ಚು. ಹಣೆಯಲ್ಲಿ ವಿಭೂತಿ, ತಲೆಯಲ್ಲಿ ವೈನು ಎಂದು ಹೊರಡುವಾಗಲೇ ಹೆಂಡತಿ ಚುಚ್ಚಿದ್ದಳು.

ಕೊತ್ತಗೆರೆ ಹತ್ತಿರ ತೋಟವೊಂದರ ಬೇಲಿಯೊಳಗೆ ಕೈ ಚಾಚಿದ್ದೇ ತಡ, ಬಳ್ಳಿ ಕಟ್ಟುತ್ತಿದ್ದ ಕೂಲಿ ಹೆಂಗಸೊಬ್ಬಳು ಕೂಗಿದಳು.

"ಮುಟ್ಬ್ಯಾಡಿ ಸ್ವಾಮಿ, ಬೆಳಿಗ್ಗೆ ಔಷ್ದಿ ಹೊಡ್ದವ್ರೆ!"

ಕೊಲ್ಲುವುದನ್ನೂ ಔಷಧಿ ಎನ್ನುವ ಜನ ನಾವು. ಆಕೆಯ ಬರಿಗೈಗಳು ಮಣಿಕಟ್ಟಿನವರೆಗೂ ಆ ಔಷಧಿಯ ಮೈಲುತುತ್ತದಿಂದ ನೀಲಿಯಾಗಿದ್ದವು.

ನೆರಳಿಗೆ ಕರೆದು ಕೂರಿಸಿದಳು. ಎಲೆಅಡಿಕೆ ಚೀಲ ಬಿಚ್ಚಿ, ಅದೇ ಬೆರಳಿನಿಂದ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ನನ್ನತ್ತ ಚಾಚಿದಳು. ಎಲೆಅಡಿಕೆ ಬೇಡವೆನ್ನಬಾರದು ಅಂತ ನನಗೂ ಗೊತ್ತು. ಆದರೂ ಕೈ ಮುಂದೆ ಹೋಗಲಿಲ್ಲ.

ಆಕೆಯ ನೋಟ ನನ್ನ ವಿಭೂತಿಯ ಮೇಲೆ ನಿಂತಿತು.

"ಗೊತ್ತು ಬುಡಿ ಸ್ವಾಮಿ. ನಿಮ್ಮೋರು ನಮ್ ಕೈಯಿಂದ ಈಸ್ಕಳಲ್ಲ."

"ಜಾತಿಗಲ್ಲಮ್ಮ, ಕೈಲಿ ಔಷಧಿ ಇದೆ. ನೀವೂ ತಿನ್ಬೇಡಿ," ಅಂದೆ. ನಿಜವನ್ನೇ ಹೇಳಿದ್ದೆ, ನನ್ನ ಕಿವಿಗೇ ಅದು ನೆಪದಂತೆ ಕೇಳಿಸಿತು.

"ಎಲ್ರೂ ಏನಾದ್ರೊಂದು ಹೇಳ್ತಾರೆ," ಎಂದು, ನನಗಾಗಿ ಮಡಚಿದ್ದನ್ನು ಆಕೆ ತನ್ನ ಬಾಯಿಗೇ ಹಾಕಿಕೊಂಡಳು.