ಎರಡು ಕೆಂಪು ಎಣ್ಣೆ

ಹಳೆಯ ಉಪ್ಪಿನಕಾಯಿ ಸೀಸೆ. ಮುಚ್ಚಳದ ಸುತ್ತ ಕಪ್ಪು ಟೇಪು, ಎರಡು ಸುತ್ತು. ಒಳಗೆ ನಾಲ್ಕು ಬೆರಳಿನಷ್ಟು ಕೆಂಪು ಎಣ್ಣೆ. ಹೊರಗೆ ಅಂಟಿಸಿದ ಕಾಗದದ ಚೂರಿನಲ್ಲಿ ಒಂದೇ ಪದ: ‘ಗೊತ್ತಿಲ್ಲ’.

ಆ ಅಕ್ಷರ ಮೇಷ್ಟ್ರದು. ಚಾಮರಾಜಪೇಟೆಯ ಅವರ ಮನೆಯ ಹಿಂದಿನ ಶೆಡ್ಡನ್ನು ಹೊಲಿಗೆ ತರಗತಿಗೆ ಬಾಡಿಗೆಗೆ ಕೊಡುವುದೆಂದು ನಿಶ್ಚಯವಾಗಿತ್ತು. ಕಳೆದ ಶನಿವಾರ ಅವರ ಹೆಂಡತಿ, ನಾನು ಆಂಟಿ ಎಂದು ಕರೆಯುವವರು, ನನಗೆ ಫೋನ್ ಮಾಡಿದ್ದರು. “ನಿಂಗೆ ಏನಾದ್ರೂ ಬೇಕಿದ್ರೆ ಬಂದು ತಗೊಂಡ್ಹೋಗಮ್ಮ. ಉಳಿದಿದ್ದು ಗುಜರಿಗೆ ಹಾಕ್ಬಿಡ್ತೀನಿ.” ನಾನು ಹೋದೆ. ಮೇಲಿನ ಹಲಗೆಯ ಮೂಲೆಯಲ್ಲಿ ಸೀಸೆ ಸಿಕ್ಕಿತು. ಟೇಪು ಸಡಿಲವಾಗಿದ್ದ ಕಡೆಯಿಂದ ಸಣ್ಣಗೆ ವಾಸನೆ ಬಂತು. ಸೀಮೆಎಣ್ಣೆಯಲ್ಲ, ಇಂಜಿನ್ ಆಯಿಲ್ ಅಲ್ಲ, ಅವೆರಡರ ನಡುವಿನದು... ಹನ್ನೊಂದು ವರ್ಷ ಹಿಂದಕ್ಕೆ ಹೋಗಲು ಅಷ್ಟು ಸಾಕಾಯಿತು.

ಆಗ ನಾನು ಬಸವನಗುಡಿಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೆ. ನಮ್ಮ ಮನೆಗೂ ಅವರ ಶೆಡ್ಡಿಗೂ ನಡುವೆ ಒಂದು ಕಿರುಗಲ್ಲಿ ಮಾತ್ರ. ಅವರು ವಿಮಾನ ದುರಸ್ತಿ ಕೆಲಸದಲ್ಲಿ ಬಾಳೆಲ್ಲ ಕಳೆದು, ಕೊನೆಯ ವರ್ಷಗಳಲ್ಲಿ ಹೊಸ ಹುಡುಗರಿಗೆ ಕೆಲಸ ಕಲಿಸಿ ನಿವೃತ್ತರಾಗಿದ್ದರು. ಅದಕ್ಕೇ ಬೀದಿಯಲ್ಲೆಲ್ಲ ಮೇಷ್ಟ್ರು. ಅವರ ತಂದೆ ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ಆ ಮನೆಯಿಂದ ಬಂದ ಈ ಮನುಷ್ಯ ಶೆಡ್ಡಿನಲ್ಲಿ, ಎಂಟು ವರ್ಷಗಳಿಂದ, ಇಬ್ಬರು ಕೂರುವ ಒಂದು ವಿಮಾನ ಕಟ್ಟುತ್ತಿದ್ದರು.

ನಾನು ಹೆಚ್ಚು ಮಾತಾಡುವವಳಲ್ಲ. ಅವರೂ ಅಲ್ಲ. ಶನಿವಾರ ಮಧ್ಯಾಹ್ನ ಹೋಗಿ, ಅವರು ಹೇಳಿದ ಸ್ಪ್ಯಾನರ್ ಎತ್ತಿ ಕೊಟ್ಟು, ಅಳತೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಬೋಲ್ಟು ಸಡಿಲವಾದರೆ ತಿಳಿಯಲೆಂದು, ಬಿಗಿದ ಪ್ರತಿ ಬೋಲ್ಟಿನ ಮೇಲೆ ಕೆಂಪು ಗೆರೆ ಎಳೆಯುವುದು ನನ್ನ ಪಾಲಿನ ಕೆಲಸವಾಯಿತು. ಗೆರೆ ಸೊಟ್ಟಗಾದರೆ ಅವರು ಅದನ್ನು ಒರೆಸಿ, ಬ್ರಷ್ಷನ್ನು ಮತ್ತೆ ನನ್ನ ಕೈಗೇ ಕೊಡುತ್ತಿದ್ದರು.

ಅವರಿಗಿದ್ದ ಹೆದರಿಕೆ ಒಂದೇ: ಬ್ರೇಕಿನ ಬೆಂಕಿ. ಆಕಾಶದಲ್ಲಿ ಏನಾದೀತು ಎಂದು ಅವರು ಚಿಂತಿಸಿದ್ದನ್ನು ನಾನು ಕಾಣಲಿಲ್ಲ. ನೆಲದ ಮೇಲಿನದೇ ಚಿಂತೆ. ಆ ವಿಮಾನದ ಮುಂದಿನ ಗಾಲಿಗೆ ಸ್ಟಿಯರಿಂಗ್ ಇಲ್ಲ, ಅದು ತನ್ನಷ್ಟಕ್ಕೆ ಅತ್ತಿತ್ತ ಹೊರಳುವಂಥದು. ನೆಲದ ಮೇಲೆ ಎಡಕ್ಕೆ ಹೊರಳಬೇಕಾದರೆ ಎಡಗಾಲಿನಿಂದ ಎಡಗಡೆಯ ಬ್ರೇಕನ್ನು ಮಾತ್ರ ಒತ್ತಬೇಕು. ಒತ್ತುತ್ತ ಒತ್ತುತ್ತ ಹೋದರೆ ಬ್ರೇಕಿನ ತಟ್ಟೆ ಕಾಯುತ್ತದೆ. ಆ ಬಿಸಿಗೆ ಒಳಗಿನ ರಬ್ಬರ್ ಉಂಗುರ ಗಟ್ಟಿಯಾಗಿ ಎಣ್ಣೆ ಜಿನುಗುತ್ತದೆ. ಜಿನುಗಿದ ಎಣ್ಣೆ ಬೀಳುವುದು ಕಾದ ತಟ್ಟೆಯ ಮೇಲೆಯೇ. ಅದರ ಮೇಲಕ್ಕೆ ರೆಕ್ಕೆ, ರೆಕ್ಕೆಯೊಳಗೆ ಪೆಟ್ರೋಲ್.

ಒಂದು ದಿನ ಅವರು ಹಳೆಯ ದೋಸೆ ಕಾವಲಿಯನ್ನು ಸ್ಟೌವಿನ ಮೇಲಿಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ನನ್ನನ್ನು ಕರೆದರು. ಚೀಟಿಯಿಲ್ಲದ ಒಂದೇ ಥರದ ಎರಡು ಡಬ್ಬ, ಒಂದರಲ್ಲಿ ಹಳೆಯ ಬಗೆಯ ಎಣ್ಣೆ, ಇನ್ನೊಂದರಲ್ಲಿ ಹೊಸ ಬಗೆಯದು, ಎರಡೂ ಒಂದೇ ಕೆಂಪು. ಕಾದ ಕಾವಲಿಯ ಒಂದು ಬದಿಗೆ ಇದರದೊಂದು ಚಮಚ, ಇನ್ನೊಂದು ಬದಿಗೆ ಅದರದೊಂದು ಚಮಚ. ಉರಿಯುವ ಕಡ್ಡಿಯನ್ನು ಮೇಲೆ ಹಿಡಿದರು. ಮೊದಲನೆಯದು ಭಗ್ಗೆಂದು ಹತ್ತಿಕೊಂಡಿತು. ಎರಡನೆಯದು ಸುಮ್ಮನೆ ಹೊಗೆಯಾಡಿತು.

“ಹಳೇದು ನೀರು ಕುದಿಯೋ ಬಿಸಿಗೇ ಹತ್ಕೊಳ್ಳತ್ತೆ. ಹೊಸದಕ್ಕೆ ಅದರ ಎರಡರಷ್ಟು ಬೇಕು” ಎಂದರು.

“ಹಾಗಾದ್ರೆ ಹೊಸದು ಹತ್ಕೊಳ್ಳೋದೇ ಇಲ್ವಾ ಮೇಷ್ಟ್ರೇ?”

“ಹತ್ಕೊಳ್ಳತ್ತೆ. ಆದ್ರೆ ಇಳಿದು ಓಡೋಕೆ ಟೈಮ್ ಕೊಡತ್ತೆ.”

ಬಾಗಿಲಲ್ಲಿ ಆಂಟಿ ನಿಂತಿದ್ದರು. “ನನ್ನ ಕಾವಲಿ ಹೋಯ್ತಲ್ರೀ!”

“ನೀನು ಸೀಯ್ಸೋ ದೋಸೆಗಿಂತ ಇದೇ ವಾಸಿ ಕಣೇ” ಎಂದು ಅವರು ಮರಳು ಸುರಿದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅಪರೂಪ, ಅದಕ್ಕೇ ನೆನಪಿದೆ.

ಹೊಸ ಎಣ್ಣೆ ಇಲ್ಲಿ ಸಿಗುತ್ತಿರಲಿಲ್ಲ. ಹೊರದೇಶದಿಂದ ಬರುವ ಯಾರಾದರೊಬ್ಬರ ಮೂಲಕ ತರಿಸಬೇಕಿತ್ತು. ಕಾರಿನ ಬ್ರೇಕ್ ಆಯಿಲ್ ಹಾಕಿದರೆ ಈ ಜಾತಿಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹಳೆಯ ಬಗೆಯ ಕೆಂಪು ಎಣ್ಣೆಯನ್ನು ಅವರು ವಿಮಾನ ಎತ್ತುವ ಜಾಕಿಗೆ ಹಾಕಲು ಮಾತ್ರ ಇಟ್ಟುಕೊಂಡಿದ್ದರು. ಗುರುತಿಗೆಂದು ಹೊಸ ಎಣ್ಣೆಯ ಡಬ್ಬದ ಕುತ್ತಿಗೆಗೆ ಅರಿಶಿನದ ದಾರ ಕಟ್ಟಿದ್ದರು. ಹಳದಿ ದಾರದ್ದು ಬ್ರೇಕಿಗೆ, ದಾರವಿಲ್ಲದ್ದು ಜಾಕಿಗೆ. ಹಳೆಯದು ಸ್ವಲ್ಪ ಬೆರೆತರೂ ಹೊಸದರ ಗುಣ ಕೆಡುತ್ತದೆ ಎಂದು ಅವರು ಎರಡು ಸಲ ಹೇಳಿದ್ದರು. ನಾನು ಎರಡು ಸಲವೂ ಬರೆದುಕೊಂಡಿದ್ದೆ.

ಆ ವರ್ಷದ ಆಯುಧಪೂಜೆಯ ಹೊತ್ತಿಗೆ ಕೆಲಸ ಮುಗಿದಿತ್ತು. ಮುಂದಿನ ಭಾನುವಾರ, ಊರಾಚೆಯ ಒಂದು ಖಾಸಗಿ ರನ್‌ವೇಯಲ್ಲಿ, ವಿಮಾನವನ್ನು ನೆಲದ ಮೇಲೆ ಓಡಿಸಿ ನೋಡಲು ಆಂಟಿಯ ತಮ್ಮ ಒಪ್ಪಿಗೆ ದೊರಕಿಸಿದ್ದರು. ಮೇಷ್ಟ್ರು ತಾವೇ ಕೂತು ಓಡಿಸುವವರಿದ್ದರು. ಎಂಟು ವರ್ಷದಲ್ಲಿ ಮೊದಲ ಸಲ.

ಹಬ್ಬದ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಮೂರು ಗಾಲಿಗಳ ಮುಂದೆಯೂ ನಿಂಬೆಹಣ್ಣುಗಳಿದ್ದವು. ಪ್ರೊಪೆಲ್ಲರಿಗೆ ಚೆಂಡುಹೂವಿನ ಮಾಲೆ. ಮೇಷ್ಟ್ರು ಕುಂಬಳಕಾಯಿ ತರಲು ಹೋಗಿದ್ದರು. ಆಂಟಿ ಕಡ್ಲೆಪುರಿಗೆ ಬಾಳೆಲೆ ಹಾಸುತ್ತಿದ್ದರು. “ಇವತ್ತು ಯಾವುದೂ ಅರ್ಧಂಬರ್ಧ ಇರಬಾರ್ದಮ್ಮ. ಎಲ್ಲಾ ತುಂಬಿರಬೇಕು” ಎಂದರು. ಬ್ರೇಕಿನ ಪುಟ್ಟ ತೊಟ್ಟಿಯಲ್ಲಿ ಎಣ್ಣೆ ಗೆರೆಗಿಂತ ಸ್ವಲ್ಪ ಕೆಳಗಿತ್ತು. ಹಳದಿ ದಾರದ ಡಬ್ಬ ಕಣ್ಣೆದುರಿಗೇ ಇತ್ತು. ಮುಚ್ಚಳ ತೆಗೆದು ಗೆರೆಯವರೆಗೆ ತುಂಬಿದೆ. ಸರಿಯಾದ ಕೆಲಸ ಮಾಡಿದೆನೆಂದು ಖುಷಿಯೂ ಆಯಿತು.

ಶನಿವಾರ ಸಂಜೆ ಮಾಲೆಗಳನ್ನು ತೆಗೆಯುವಾಗ ಕಂಡಿತು. ಸ್ಪ್ಯಾನರುಗಳಿಗೆ ದಾರ. ಡ್ರಿಲ್ಲಿಗೆ ದಾರ. ಎರಡೂ ಡಬ್ಬಗಳಿಗೆ ದಾರ. ಆಂಟಿ ಪೂಜೆಗೆಂದು ಎಲ್ಲಕ್ಕೂ ಅರಿಶಿನದ ದಾರ ಕಟ್ಟಿ, ಕುಂಕುಮ ಇಟ್ಟಿದ್ದರು. ಒರೆಸುವಾಗ ಡಬ್ಬಗಳ ಜಾಗವೂ ಅದಲುಬದಲಾಗಿರಬಹುದು. ನಾನು ಯಾವುದರಿಂದ ಸುರಿದಿದ್ದೆ? ಎಷ್ಟು ಯೋಚಿಸಿದರೂ ಕೈ ನೆನಪಾಗುತ್ತಿತ್ತು, ದಾರ ನೆನಪಾಗುತ್ತಿತ್ತು, ಡಬ್ಬ ನೆನಪಾಗಲಿಲ್ಲ...

ಹೊರಗೆ ಗಲ್ಲಿಯಲ್ಲಿ ಆಂಟಿಯ ತಮ್ಮ ವಿಮಾನ ಸಾಗಿಸಲು ಬಂದಿದ್ದ ಟೆಂಪೊದವನ ಜೊತೆ ಹಗ್ಗದ ಮಾತಾಡುತ್ತಿದ್ದರು. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಕೈ ತೊಳೆದುಕೊಂಡು ಒಳಗೆ ಬಂದರು. ನಾನು ಹೇಳಿದೆ.

“ಯಾವ ಡಬ್ಬ?”

“ಗೊತ್ತಿಲ್ಲ ಮೇಷ್ಟ್ರೇ.”

ಅವರು ಬಾಗಿಲಿಗೆ ಹೋಗಿ, “ಟೆಂಪೊ ಕಳಿಸ್ಬಿಡಪ್ಪ. ನಾಳೆ ಬೇಡ” ಎಂದರು.

“ಏನ್ ಭಾವ, ಒಂದು ಚಮಚ ಎಣ್ಣೆಗೆ ವಿಮಾನ ನಿಲ್ಲಿಸ್ತೀರಾ? ಅವರ ಕಾಲು ಹಿಡಿದು ಒಪ್ಪಿಸಿದ್ದೀನಿ ನಾನು!”

“ಇನ್ನೊಂದ್ಸಲ ಹಿಡಿ.”

“ನಿಮ್ಮ ವಿಮಾನ ಹಾರೋಷ್ಟರಲ್ಲಿ ನನಗೆ ಮೊಮ್ಮಕ್ಕಳಾಗಿರ್ತಾರೆ ಬಿಡಿ” ಎಂದು ಅವರು ಹೊರಟುಹೋದರು.

ಮರುದಿನ ಓಡಬೇಕಿದ್ದ ವಿಮಾನದ ಕೆಳಗೆ ನಾವಿಬ್ಬರೂ ಕೂತು ಎಣ್ಣೆಯನ್ನೆಲ್ಲ ಇಳಿಸಿದೆವು. ಅದು ಪಾರದರ್ಶಕ ಕೊಳವೆಯಲ್ಲಿ ಇಳಿದು ಸೀಸೆಗೆ ಬೀಳುವುದನ್ನು ನೋಡುತ್ತ, “ಕಾವಲಿ ಮೇಲೆ ಹಾಕಿ ನೋಡೋಣ ಮೇಷ್ಟ್ರೇ. ಗೊತ್ತಾಗಿಬಿಡತ್ತೆ” ಎಂದೆ. ಸರಿಯಾದ ಎಣ್ಣೆಯೇ ಆಗಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು.

ಅವರು ಬೇಡವೆಂದರು. “ಸರಿಯಾದ ಎಣ್ಣೇನೇ ಅಂತ ಗೊತ್ತಾದ್ರೆ, ಸುಮ್ನೆ ಹೇಳಿದ್ನಲ್ಲ ಅನ್ಸತ್ತೆ ನಿಂಗೆ. ಮುಂದಿನ ಸಲ ಹೇಳಲ್ಲ.” ಕಾಗದದ ಚೂರಿನ ಮೇಲೆ ಒಂದು ಪದ ಬರೆದು ಸೀಸೆಗೆ ಅಂಟಿಸಿದರು.

ಡಬ್ಬದಲ್ಲಿ ಉಳಿದಿದ್ದ ಹೊಸ ಎಣ್ಣೆಯನ್ನೂ ಈಗ ನಂಬುವಂತಿರಲಿಲ್ಲ. ಇನ್ನೊಂದು ಡಬ್ಬ ತರಿಸಲು ಎರಡು ತಿಂಗಳು ಹಿಡಿಯಿತು. ಅದು ಬಂದ ವಾರದಲ್ಲಿಯೇ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈಗೆ ಸ್ವಲ್ಪ ಶಕ್ತಿ ಮರಳಿತು, ಬಲಗಾಲಿಗೆ ಮರಳಲಿಲ್ಲ. ಆ ಬ್ರೇಕುಗಳಿಗೆ ಎರಡು ಕಾಲು ಬೇಕು.

ನಾನೊಬ್ಬಳೇ ಹೊಸ ಎಣ್ಣೆ ತುಂಬಿದೆ, ಗಾಲಿಯ ಕಡೆಯಿಂದ ಮೇಲಕ್ಕೆ, ಗಾಳಿಯ ಗುಳ್ಳೆ ಉಳಿಯದಂತೆ. ಅವರು ಕುರ್ಚಿಯಲ್ಲಿ ಕೂತು ನೋಡಿದರು. ಒಮ್ಮೆಯೂ ಆ ಭಾನುವಾರದ ಮಾತೆತ್ತಲಿಲ್ಲ. ಮರುವರ್ಷ ವಿಮಾನ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಹೋಯಿತು. ರೆಕ್ಕೆಗಳನ್ನು ಬಿಚ್ಚಿ ಗಲ್ಲಿಯಿಂದ ಹೊರಗೆ ತರುವಾಗ, ನಾನೆಳೆದ ಕೆಂಪು ಗೆರೆಗಳನ್ನು ಅವರು ಎಡಗೈ ಬೆರಳಿನಿಂದ ಒಂದೊಂದಾಗಿ ಮುಟ್ಟಿದರು... ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಆ ವಿಮಾನ ಅವರ ಕೈಯಲ್ಲಿ ಒಂದು ಗಜವೂ ಓಡಲಿಲ್ಲ.

ಈಗ ನಾನು ಪಂಪುಗಳನ್ನು ಪರೀಕ್ಷಿಸಿ ಸಹಿ ಹಾಕುವ ಕೆಲಸದಲ್ಲಿದ್ದೇನೆ. ಖಚಿತವಿಲ್ಲದಾಗ ಖಚಿತವಿಲ್ಲ ಎಂದೇ ಬರೆಯುತ್ತೇನೆ. ಅದರಿಂದ ನನ್ನ ಜೊತೆ ಕೆಲಸ ಮಾಡುವವರಿಗೆ ಬೇಸರವಾಗುತ್ತದೆಂದು ಗೊತ್ತು. ಆದರೆ ಆ ಶನಿವಾರ ನಾನು ಹೇಳಿದ್ದರಿಂದ ಅವರ ಜೀವ ಉಳಿಯಿತೋ, ಅವರಿಗಿದ್ದ ಒಂದೇ ದಿನ ಹೋಯಿತೋ ಎಂಬ ಪ್ರಶ್ನೆಯನ್ನು ಇಷ್ಟು ವರ್ಷ ನನ್ನೊಳಗೇ ಇಟ್ಟುಕೊಂಡಿದ್ದೆ.

ಸೀಸೆಯನ್ನು ಮನೆಗೆ ತಂದೆ. ಸಂಜೆ ಕಾವಲಿ ಕಾಯಲಿಟ್ಟು, ಟೇಪು ಬಿಚ್ಚಿ, ಚಮಚವನ್ನೂ ತೆಗೆದುಕೊಂಡೆ. ಕಾವಲಿ ಹೊಗೆಯಾಡಲು ಶುರುವಾಯಿತು. ಬೆಂಕಿಪೊಟ್ಟಣ ಕೈಯಲ್ಲಿತ್ತು. ಒಂದೇ ಕಡ್ಡಿ... ಗ್ಯಾಸ್ ಆರಿಸಿದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಸೀಸೆಯನ್ನು ಹನುಮಂತನಗರದ ಗ್ಯಾರೇಜಿಗೆ ಒಯ್ದೆ. ಬಳಸಿ ತೆಗೆದ ಎಣ್ಣೆಗೆಂದು ಅಲ್ಲೊಂದು ಡ್ರಮ್ಮು ಇಟ್ಟಿರುತ್ತಾರೆ.

“ಏನ್ ಆಯಿಲ್ ಮೇಡಂ?”

“ಬ್ರೇಕಿಂದು. ಎರಡು ಥರ ಇದೆ. ಯಾವುದು ಅಂತ ಗೊತ್ತಿಲ್ಲ.”

“ಕೆಂಪಗಿದೆಯಲ್ಲ, ಎಲ್ಲಾ ಒಂದೇ ಬಿಡಿ” ಎಂದು ಅವನು ಸುರಿದುಕೊಂಡ.

“ಒಂದೇ ಅಲ್ಲ” ಎಂದೆ. ಖಾಲಿ ಸೀಸೆಯನ್ನು ವಾಪಸು ಕೇಳಿ ತೆಗೆದುಕೊಂಡೆ.